ಎಂಟನೇ ತರಗತಿಯಲ್ಲೇ ಶುರುವಾಗಲಿ ಮುಂದಿನ ದಾರಿ: ಪ್ರೌಢಶಾಲೆಯ ಕ್ಲಾಸ್ ಟೀಚರ್‌ಗೊಂದು ಸಮಗ್ರ ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಧ್ಯಾಹ್ನ ನಮ್ಮ ಶಾಲೆಯ ಆಫೀಸ್ ರೂಮಿನ ಮುಂದೆ ಒಬ್ಬ ಹುಡುಗಿ, ಜೊತೆಗೆ ಅವಳ ಅಪ್ಪ ನಿಂತಿದ್ದರು. ಅವರು ಮಂಡಿಯಲ್ಲಿ ಹಮಾಲಿ. ಕೆಲಸದಿಂದ ನೇರ ಬಂದಿದ್ದರು, ಹೆಗಲ ಮೇಲಿನ ಟವೆಲ್ಲಿನಲ್ಲಿ ಇನ್ನೂ ಮೆಕ್ಕೆಜೋಳದ ಧೂಳಿತ್ತು. ಹುಡುಗಿಗೆ 625ಕ್ಕೆ 561 ಬಂದಿತ್ತು. "ಮುಂದೇನ್ ಕೊಡ್ಸೋಣ ಮೇಡಂ, ನೀವೇ ಹೇಳ್ರಿ" ಅಂದರು. ನಾನು ಎರಡನೇ ಯೋಚನೆ ಮಾಡದೆ, "ಮಾರ್ಕ್ಸ್ ಚೆನ್ನಾಗಿದೆಯಲ್ಲ, ಸೈನ್ಸ್ ಕೊಡ್ಸಿ" ಅಂದೆ. ಅವಳು ಪಿಯುಸಿಯಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಸೇರಿದಳು. ಕನ್ನಡ ಮಾಧ್ಯಮದಿಂದ ಒಮ್ಮೆಗೇ ಇಂಗ್ಲಿಷಿಗೆ ಬಿದ್ದು, ದಿನಾ ಎರಡು ಬಸ್ಸು ಬದಲಾಯಿಸಿ ಓಡಾಡಿ, ಮೊದಲ ವರ್ಷದಲ್ಲೇ ಕಾಲೇಜು ಬಿಟ್ಟಳು.

ಆಮೇಲೆ ನೆನಪಾಯಿತು. ಒಂಬತ್ತನೇ ತರಗತಿಯಲ್ಲಿ ಗೆಳತಿಯರ ಸೈಕಲ್ಲುಗಳನ್ನೆಲ್ಲ ಅವಳೇ ರಿಪೇರಿ ಮಾಡುತ್ತಿದ್ದಳು. ಚೈನು ಬಿದ್ದರೆ, ಬ್ರೇಕು ಸಡಿಲವಾದರೆ ಅವಳನ್ನೇ ಕರೆಯುತ್ತಿದ್ದರು. ನಾನದನ್ನು ನೋಡಿದ್ದೆ, ಆದರೆ ಎಲ್ಲೂ ಬರೆದಿಟ್ಟಿರಲಿಲ್ಲ. ಫಲಿತಾಂಶದ ದಿನ ನನ್ನ ಕಣ್ಣೆದುರಿಗೆ ಇದ್ದದ್ದು ಅಂಕಪಟ್ಟಿ ಮಾತ್ರ.

ಅಂದಿನಿಂದ ನಾನು ಎಂಟನೇ ತರಗತಿಯಿಂದಲೇ ಈ ಕೆಲಸ ಶುರು ಮಾಡಿದ್ದೇನೆ. ನಮ್ಮಂಥ ಸರ್ಕಾರಿ ಪ್ರೌಢಶಾಲೆಗಳಲ್ಲಿ ಆಪ್ತಸಮಾಲೋಚಕರ ಹುದ್ದೆ ಇರುವುದಿಲ್ಲ. ಕ್ಲಾಸ್ ಟೀಚರೇ ಆ ಕೆಲಸವನ್ನೂ ಮಾಡಬೇಕು. ಫಲಿತಾಂಶಕ್ಕೂ ಪಿಯುಸಿ, ಡಿಪ್ಲೊಮಾ, ಐಟಿಐ ಅರ್ಜಿಗಳ ಕೊನೆಯ ದಿನಕ್ಕೂ ನಡುವೆ ಸಿಗುವುದು ಕೆಲವೇ ವಾರ. ಎಂಟನೇ ತರಗತಿಯಲ್ಲಿ ಶುರು ಮಾಡಿದರೆ ಕೈಯಲ್ಲಿ ಮೂರು ವರ್ಷ ಇರುತ್ತದೆ.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್, ಮಗುವಿಗೆ ಎರಡು ಪುಟ

ಇನ್ನೂರು ಪುಟದ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ಸಾಕು. ಹಾಜರಾತಿ ಕ್ರಮದಲ್ಲಿ ಪ್ರತಿ ಮಗುವಿಗೆ ಎದುರುಬದುರಾದ ಎರಡು ಪುಟ ಬಿಡಿ. ಎಡಗಡೆ ನೀವು ಕಂಡದ್ದು, ಕೇಳಿದ್ದು. ಬಲಗಡೆ ಕಾಗದಪತ್ರಗಳ ವಿವರ. ಮೊಬೈಲಿನಲ್ಲಿ ಬರೆದಿಡುವುದು ನನಗೆ ಹಿಡಿಸಲಿಲ್ಲ. ವರ್ಗಾವಣೆಯಾದಾಗ ಫೋನು ನಮ್ಮ ಜೊತೆ ಹೋಗುತ್ತದೆ, ನೋಟ್‌ಬುಕ್ ಆದರೆ ಮುಂದಿನ ಟೀಚರ ಕೈಗೆ ಸಿಗುತ್ತದೆ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

"ಜುಲೈ 12, ಊಟದ ಬಿಡುವು. ಅಣ್ಣ ಬೆಂಗಳೂರಲ್ಲಿ ಗಾರೆ ಕೆಲಸ. ಮನೆಯಲ್ಲಿ ಮೂವತ್ತು ಕುರಿ. ಗಣಿತ ಅಂದ್ರೆ ಭಯ ಅಂತಾನೆ, ಆದ್ರೆ ಸಂತೆ ಲೆಕ್ಕ ಬಾಯಲ್ಲೇ ಹೇಳ್ತಾನೆ. ಭಿನ್ನರಾಶಿ ಸುತರಾಂ ಬರಲ್ಲ. ಕುರಿಗೆ ಕಾಯಿಲೆ ಬಂದ್ರೆ ಡಾಕ್ಟ್ರ ಜೊತೆ ನಿಂತು ಎಲ್ಲಾ ನೋಡ್ತಾನಂತೆ. ಪಶು ಆಸ್ಪತ್ರೆಗೆ ಕಳಿಸಬೇಕು."

ಇಷ್ಟೇ. ವರದಿ ಬರೆಯುವ ಭಾಷೆ ಬೇಡ, ಮಗು ಆಡಿದ ಮಾತನ್ನೇ ಬರೆಯಿರಿ. ಎರಡು ವರ್ಷ ಬಿಟ್ಟು ಓದಿದಾಗ ಆ ಮಗು ಕಣ್ಣ ಮುಂದೆ ಬಂದು ನಿಲ್ಲಬೇಕು. ಇನ್ನೊಂದು ಎಚ್ಚರ: ಈ ನೋಟ್‌ಬುಕ್ ಸ್ಟಾಫ್ ರೂಮಿನ ಮೇಜಿನ ಮೇಲೆ ಬಿದ್ದಿರಬಾರದು. ಬೀರುವಿನಲ್ಲಿಟ್ಟು ಬೀಗ ಹಾಕಿ. ಮನೆಯ ಕಷ್ಟ ಹೇಳಿಕೊಂಡ ಮಗುವಿಗೆ ಆ ಮಾತು ಬೇರೆಯವರ ಬಾಯಲ್ಲಿ ಕೇಳಿಸಿದರೆ ಮತ್ತೆಂದೂ ಅದು ಬಾಯಿ ಬಿಡುವುದಿಲ್ಲ.

ಎರಡನೇ ಹೆಜ್ಜೆ: ಹತ್ತು ನಿಮಿಷದ ಮಾತು

ತರಗತಿಯಲ್ಲಿ 48 ಮಕ್ಕಳಿದ್ದರೆ ವಾರಕ್ಕೆ ನಾಲ್ವರಂತೆ ಹನ್ನೆರಡು ವಾರ. ಜೂನ್ ಕೊನೆಗೆ ಶುರು ಮಾಡಿದರೆ ದಸರಾ ರಜೆಯೊಳಗೆ ಒಂದು ಸುತ್ತು ಮುಗಿಯುತ್ತದೆ. ಊಟದ ಬಿಡುವಿನಲ್ಲಿ, ಎಲ್ಲರಿಗೂ ಕಾಣುವ ಆದರೆ ಯಾರಿಗೂ ಕೇಳಿಸದ ಜಾಗದಲ್ಲಿ ಕೂತು ಮಾತಾಡಿ. ನಮ್ಮಲ್ಲಿ ಬೇವಿನ ಮರದ ಕಟ್ಟೆಯೇ ಆ ಜಾಗ.

"ದೊಡ್ಡೋನಾದ್ಮೇಲೆ ಏನಾಗ್ತೀಯ?" ಎಂದು ಮಾತ್ರ ಕೇಳಬೇಡಿ. ಹದಿಮೂರು ವರ್ಷದ ಮಗು ಅದಕ್ಕೆ ಬಾಯಿಪಾಠದ ಉತ್ತರ ಕೊಡುತ್ತದೆ: ಡಾಕ್ಟರ್, ಪೊಲೀಸ್, ಟೀಚರ್. ಅದು ಮಗುವಿನ ತಪ್ಪಲ್ಲ, ಅದು ಕಂಡಿರುವ ನೌಕರಿಗಳೇ ಅಷ್ಟು. ನಾನು ಕೇಳುವ ಪ್ರಶ್ನೆಗಳು ಬೇರೆ. ಶಾಲೆಯಿಂದ ಹೋದ ಮೇಲೆ ರಾತ್ರಿ ಮಲಗುವವರೆಗೆ ಏನೇನು ಮಾಡ್ತೀಯ? ಯಾವ ಕೆಲಸ ಮಾಡುವಾಗ ಹೊತ್ತು ಹೋಗಿದ್ದೇ ಗೊತ್ತಾಗಲ್ಲ? ಮನೆಯಲ್ಲಿ ಯಾವ ಕೆಲಸಕ್ಕೆ ನಿನ್ನನ್ನೇ ಕರೀತಾರೆ? ಯಾವ ಪೀರಿಯಡ್ ಬಂದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ? ನಿಮ್ಮ ಮನೆತನದಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವರು ಯಾರು, ಅವರು ಈಗ ಏನು ಮಾಡ್ತಿದ್ದಾರೆ?

ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. "ಚಿಕ್ಕಪ್ಪ ಡಿಗ್ರಿ ಓದಿದಾರೆ, ಈಗ ಊರಲ್ಲೇ ಅವ್ರೆ" ಎಂದರೆ, ಓದಿನ ಬಗ್ಗೆ ಆ ಮನೆಯಲ್ಲಿ ಎಂಥ ಮಾತು ನಡೆಯುತ್ತದೆ ಎಂದು ಅರ್ಧ ತಿಳಿದಂತೆಯೇ.

ಮಗು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ನಮಗೆ ಟೀಚರುಗಳಿಗೆ ಇದೇ ಕಷ್ಟ, ಅರ್ಧ ನಿಮಿಷ ಮೌನವಾದರೆ ಪಾಠ ಶುರು ಮಾಡಿಬಿಡುತ್ತೇವೆ. ಸಲಹೆ ಕೊಡುವುದನ್ನು ಮೊದಲ ಸುತ್ತಿನಲ್ಲಿ ಪೂರ್ತಿ ಬಿಟ್ಟುಬಿಡಿ.

ಈ ಮಾತುಕತೆಯಲ್ಲಿ ಒಮ್ಮೊಮ್ಮೆ ಬೇರೆಯದೇ ವಿಷಯ ಹೊರಗೆ ಬರುತ್ತದೆ. ಮದುವೆಯ ಮಾತು ನಡೆಯುತ್ತಿದೆ ಎಂದು ಹುಡುಗಿ ಹೇಳಬಹುದು, ಮನೆಯಲ್ಲಿ ಹೊಡೆತದ ವಿಷಯ ಬರಬಹುದು, ರಜೆಯಲ್ಲಿ ಕೆಲಸಕ್ಕೆ ಕಳಿಸುತ್ತಾರೆ ಎನ್ನಬಹುದು. ಆಗ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ" ಎನ್ನಿ, ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಸಿಗುತ್ತದೆ. ಮನಸ್ಸು ತೀರಾ ಕುಗ್ಗಿದ ಮಗುವಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಎರಡೂ ನಂಬರನ್ನು ತರಗತಿಯ ಗೋಡೆಯ ಮೇಲೆ ಬರೆಸಿ, ಪ್ರತಿ ಮಗುವೂ ಬಾಯಲ್ಲಿ ಹೇಳುವಂತಿರಲಿ.

ಮೂರನೇ ಹೆಜ್ಜೆ: ಊರಿನಲ್ಲೇ ಇರುವ ಕೆಲಸಗಳನ್ನು ಕಾಣಿಸಿ

ದಸರಾ ರಜೆಗೆ ಇದನ್ನು ಹೋಂವರ್ಕ್ ಆಗಿ ಕೊಡಿ. ಪ್ರತಿ ಮಗು ಐದು ಜನರನ್ನು ಮಾತಾಡಿಸಿ ಬರಬೇಕು: ಲೈನ್‌ಮನ್, ಆರೋಗ್ಯ ಕೇಂದ್ರದ ನರ್ಸ್, ಗ್ರಾಮ ಪಂಚಾಯಿತಿಯ ಪಿಡಿಒ, ವೆಲ್ಡಿಂಗ್ ಶಾಪಿನವರು, ಬಸ್ ಕಂಡಕ್ಟರ್, ಹಾಲಿನ ಡೈರಿಯ ಕಾರ್ಯದರ್ಶಿ, ಯಾರಾದರೂ ಸರಿ. ಪ್ರಶ್ನೆ ನಾಲ್ಕೇ. ಏನು ಓದಿದಿರಿ? ಈ ಕೆಲಸಕ್ಕೆ ಹೇಗೆ ಬಂದಿರಿ? ದಿನದಲ್ಲಿ ಅತಿ ಕಷ್ಟದ ಹೊತ್ತು ಯಾವುದು? ನಿಮ್ಮ ಮಗನನ್ನೋ ಮಗಳನ್ನೋ ಇದೇ ಕೆಲಸಕ್ಕೆ ಕಳಿಸ್ತೀರಾ?

ಕುರಿಯ ಮನೆಯ ಹುಡುಗನನ್ನು ಪಶು ಆಸ್ಪತ್ರೆಗೆ ಕಳಿಸಿದೆ. ವಾಪಸು ಬಂದವನ ಮುಖವೇ ಬೇರೆಯಾಗಿತ್ತು. "ಮೇಡಂ, ಡಾಕ್ಟ್ರು ಒಬ್ರೇ ಅಲ್ಲ, ಇನ್‌ಸ್ಪೆಕ್ಟ್ರು ಅಂತ ಇನ್ನೊಬ್ರು ಇರ್ತಾರೆ. ಅವ್ರು ಓದಿದ್ದು ಡಿಪ್ಲೊಮಾ ಅಂತೆ. ಎಸ್ಸೆಸ್ಸೆಲ್ಸಿ ಆದ್ಮೇಲೆ ಅಂತೆ." ಡಾಕ್ಟರಾಗುವುದು ನಮ್ಮಂಥವರಿಗಲ್ಲ ಎಂದು ಅವನು ಮೊದಲೇ ತೀರ್ಮಾನಿಸಿಬಿಟ್ಟಿದ್ದ. ನಡುವೆ ಇನ್ನೂ ಮೆಟ್ಟಿಲುಗಳಿವೆ ಎಂದು ಅಂದು ಅವನಿಗೆ ಗೊತ್ತಾಯಿತು. ನಾನು ಹತ್ತು ಪೀರಿಯಡ್ ಮಾತಾಡಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ನಾಲ್ಕನೇ ಹೆಜ್ಜೆ: ಎಂಟನೇ ತರಗತಿ ದಾಟಿದರೆ ಸಿಗದ ಅವಕಾಶಗಳು

ಎನ್‌ಎಂಎಂಎಸ್, ಅಂದರೆ ಬಡ ಮನೆಯ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಲು ಎಂಟನೇ ತರಗತಿಯಲ್ಲಿ ಮಾತ್ರ ಅವಕಾಶ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳು ಬರೆಯಬಹುದು, ಸರ್ಕಾರಿ ವಸತಿ ಶಾಲೆಯವರಿಗೆ ಇಲ್ಲ. ಪೋಷಕರ ವಾರ್ಷಿಕ ಆದಾಯ 3,50,000 ರೂಪಾಯಿ ಮೀರಬಾರದು, ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಶೇ. 5ರ ರಿಯಾಯಿತಿ ಇದೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000. ಕೂಲಿ ಮನೆಗೆ ಇದು ಮಗಳ ಓದನ್ನು ನಿಲ್ಲಿಸದಿರಲು ಸಾಕಾಗುವಷ್ಟು ದೊಡ್ಡ ಕಾರಣ.

ಪತ್ರಿಕೆ ಎರಡು: ಮಾನಸಿಕ ಸಾಮರ್ಥ್ಯದ್ದೊಂದು, ಪಠ್ಯವಿಷಯದ್ದೊಂದು. ತಲಾ 90 ಪ್ರಶ್ನೆ, 90 ನಿಮಿಷ. ನಮ್ಮ ಮಕ್ಕಳು ಸೋಲುವುದು ಮೊದಲನೆಯದರಲ್ಲಿ, ಏಕೆಂದರೆ ಅಂಥ ಪ್ರಶ್ನೆಗಳನ್ನು ಅವರು ಅಲ್ಲಿಯವರೆಗೆ ನೋಡಿಯೇ ಇರುವುದಿಲ್ಲ. ಜೂನ್‌ನಿಂದ ದಿನಕ್ಕೆ ಐದು ಪ್ರಶ್ನೆ ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಸಂಜೆ ಬಿಡಿಸಿ. ಬುದ್ಧಿವಂತರು ಎಂದು ಹತ್ತು ಜನರನ್ನು ಆರಿಸಿ ಅವರಿಗಷ್ಟೇ ಹೇಳಿಕೊಡಬೇಡಿ. ಎಲ್ಲರೂ ಬರೆಯಲಿ. ಗೆದ್ದ ಮೇಲೆ ಪ್ರತಿವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮಾಡಿಸಬೇಕು. ಮಾಡಿಸದಿದ್ದರೆ ಗೆದ್ದ ದುಡ್ಡೂ ಕೈತಪ್ಪುತ್ತದೆ. ಅದನ್ನು ನೋಟ್‌ಬುಕ್ಕಿನ ಬಲಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

ನವೋದಯ ಶಾಲೆಗೆ ಒಂಬತ್ತನೇ ತರಗತಿಗೆ ಸೇರುವ ಪರೀಕ್ಷೆ, ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿಗೆ ಒಂಬತ್ತಕ್ಕೆ ಸೇರುವ ಪರೀಕ್ಷೆ, ಇವೂ ಎಂಟರಲ್ಲಿ ಓದುವಾಗಲೇ ಬರೆಯುವಂಥವು. ಸೀಟು ಕಡಿಮೆ, ಆದರೂ ಆಸೆಯಿರುವ ಮಗುವಿಗೆ ವಿಷಯ ತಿಳಿದಿರಲಿ.

ಐದನೇ ಹೆಜ್ಜೆ: ಕಾಗದಪತ್ರ

ಅಂಕ ಇದ್ದೂ ಹೆಸರಿನ ಒಂದಕ್ಷರಕ್ಕೆ ಸೀಟೋ ವಿದ್ಯಾರ್ಥಿವೇತನವೋ ಕೈತಪ್ಪಿದ ಮಕ್ಕಳನ್ನು ನೀವೂ ನೋಡಿರುತ್ತೀರಿ. ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಎಂಟನೇ ತರಗತಿಗೆ ಮಕ್ಕಳು ಸುತ್ತಲಿನ ನಾಲ್ಕೈದು ಪ್ರಾಥಮಿಕ ಶಾಲೆಗಳಿಂದ ಟಿ.ಸಿ. ಹಿಡಿದು ಬರುತ್ತಾರೆ. ತಪ್ಪು ಒಳಗೆ ನುಸುಳುವುದು ಆಗಲೇ. ಟಿ.ಸಿ.ಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಅಪ್ಪನ ಹೆಸರು ಒಂದೆಡೆ "ತಿಪ್ಪೇಸ್ವಾಮಿ", ಇನ್ನೊಂದೆಡೆ "ತಿಪ್ಪೇಸ್ವಾಮಿ ಆರ್." ಒಂದು ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಎಲ್ಲ ಮಕ್ಕಳಿಂದ ಜನನ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತರಿಸಿ, ದಾಖಲಾತಿ ರಿಜಿಸ್ಟರ್ ಮತ್ತು ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಇಂಗ್ಲಿಷ್ ಸ್ಪೆಲ್ಲಿಂಗನ್ನೂ ಬಿಡಬೇಡಿ. ಶಾಲೆಯ ದಾಖಲೆ ಸರಿಯಿದ್ದು ಆಧಾರ್ ತಪ್ಪಿದ್ದರೆ ಆಧಾರ್ ತಿದ್ದಿಸಲು ಹೇಳಿ. ಶಾಲೆಯದೇ ತಪ್ಪಿದ್ದರೆ ಮುಖ್ಯ ಶಿಕ್ಷಕರ ಮೂಲಕ ಈಗಲೇ ಸರಿಪಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದಿಸುವುದೆಂದರೆ ದೊಡ್ಡ ಅಲೆದಾಟ. ಹುಟ್ಟಿದ ದಿನಾಂಕಕ್ಕಾಗಿ ಕೋರ್ಟು ಹತ್ತಿದವರೂ ಇದ್ದಾರೆ.

ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲೇ ಇರಲಿ, ಆಧಾರ್ ಜೋಡಣೆಯಾಗಿರಲಿ. "ಲಿಂಕ್ ಆಗೈತೆ" ಎಂದು ಮನೆಯವರು ಹೇಳಿದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಆಧಾರ್ ಮೂಲಕ ಈ ಖಾತೆಗೇ ಬರುವ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಸಿ. ವಿದ್ಯಾರ್ಥಿವೇತನದ ದುಡ್ಡು ಆ ಖಾತೆಗೇ ಬಂದು ಬೀಳುವುದು.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಬೇಕು. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಪ್ರಮಾಣಪತ್ರದ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಮುಂದೆ ಪ್ರತಿ ಅರ್ಜಿಗೂ ಬೇಕಾಗುವುದು ಅದೇ. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಎಂಟರಲ್ಲಿ ಮಾಡಿಸಿದ್ದು ಪಿಯುಸಿವರೆಗೂ ಬರುತ್ತದೆ, ಪಿಯುಸಿ ನಂತರ ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಕೋರ್ಸುಗಳಿಗೆ ಬರೆಯುವ ಸಿಇಟಿಯ (ಸಾಮಾನ್ಯ ಪ್ರವೇಶ ಪರೀಕ್ಷೆ) ದಾಖಲೆ ಪರಿಶೀಲನೆಯ ಹೊತ್ತಿಗೆ ಮುಗಿದು ಹೋಗಿರುವ ಸಂಭವವೂ ಇದೆ. ಮುಗಿಯುವ ತಾರೀಖನ್ನು ಮಗುವಿನ ಕೈಯಲ್ಲೇ ಬರೆಸಿ.

ಇನ್ನು ಮೀಸಲಾತಿಯ ವಿಷಯ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದ ಕೋಟಾ ಶೇ. 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಒಂದು ವರ್ಷ ತಪ್ಪಿದರೂ ಇಲ್ಲ. ಎಂಟು ಮುಗಿಸಿ "ಒಂಬತ್ತಕ್ಕೆ ಸಿಟಿಯ ಇಂಗ್ಲಿಷ್ ಮೀಡಿಯಂಗೆ ಹಾಕ್ತೀವಿ, ಟಿ.ಸಿ. ಕೊಡಿ" ಎಂದು ಬರುವ ಅಪ್ಪಂದಿರಿಗೆ ಇದನ್ನು ಕೂರಿಸಿ ವಿವರಿಸಬೇಕು. ಎಂಟು ವರ್ಷ ಕೂಡಿಟ್ಟದ್ದು ಎರಡು ವರ್ಷದ ಆಸೆಗೆ ಹೋಗುತ್ತದೆ. ಕೇಳಿದ ಮೇಲೂ ಅವರು ಕರೆದುಕೊಂಡು ಹೋಗಬಹುದು, ಅದು ಅವರ ಹಕ್ಕು. ಆದರೆ ಗೊತ್ತಿದ್ದು ಹೋಗಲಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಅದರ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ. ಆ ಭಾಗದಿಂದ ಕೆಲಸ ಹುಡುಕಿಕೊಂಡು ಬೇರೆ ಜಿಲ್ಲೆಗೆ ಬಂದ ಕುಟುಂಬದ ಮಕ್ಕಳು ನಿಮ್ಮ ತರಗತಿಯಲ್ಲೂ ಇರಬಹುದು, ಹುಟ್ಟೂರು ಕೇಳಲು ಮರೆಯಬೇಡಿ.

ಆರನೇ ಹೆಜ್ಜೆ: ಹತ್ತರ ನಂತರದ ದಾರಿಗಳ ನಕ್ಷೆ

ಒಂಬತ್ತನೇ ತರಗತಿಯ ಆರಂಭದಲ್ಲಿ ಇದನ್ನು ಮಾಡಿ. ಎರಡು ದೊಡ್ಡ ಡ್ರಾಯಿಂಗ್ ಶೀಟ್ ಅಂಟಿಸಿ, ಕೆಳಗೆ "ಎಸ್ಸೆಸ್ಸೆಲ್ಸಿ" ಎಂದು ಬರೆದು, ಅಲ್ಲಿಂದ ಕೊಂಬೆಗಳು ಮೇಲೆ ಹೋಗುವಂತೆ ಮರ ಬರೆಸಿ. ಮಕ್ಕಳೇ ಬರೆಯಲಿ. ಪ್ರತಿ ಕೊಂಬೆಗೆ ಹತ್ತಿರದ ಕಾಲೇಜಿನ ಹೆಸರು, ಬಸ್ಸಿನ ದೂರ, ಹಾಸ್ಟೆಲ್ ಇದೆಯೇ ಎಂಬುದನ್ನೂ ಸೇರಿಸಿ. ಈ ಕೊನೆಯ ಮೂರು ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಆ ನಕ್ಷೆಯಿಂದ ಏನೂ ಉಪಯೋಗವಿಲ್ಲ.

ಪಿಯುಸಿ ವಿಜ್ಞಾನದಲ್ಲಿ ಪಿಸಿಎಂಬಿ, ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ) ಮುಂತಾದ ಸಂಯೋಜನೆಗಳಿವೆ. ವೈದ್ಯಕೀಯ, ಬಿ.ಎಸ್ಸಿ. ನರ್ಸಿಂಗ್ ಕಡೆ ಒಲವಿದ್ದರೆ ಜೀವಶಾಸ್ತ್ರ ಬೇಕು. ಎಂಜಿನಿಯರಿಂಗ್‌ಗೆ ಸಿಇಟಿ ರ‍್ಯಾಂಕ್ ಲೆಕ್ಕ ಹಾಕುವಾಗ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಕೋಚಿಂಗ್ ನೆಚ್ಚಿಕೊಂಡು ಪಿಯುಸಿಯನ್ನು ಕಡೆಗಣಿಸುವ ಹಾಗಿಲ್ಲ. ವಾಣಿಜ್ಯದಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಗುವ ಮೊದಲ ಪರೀಕ್ಷೆಯಾದ ಸಿಎ ಫೌಂಡೇಶನ್‌ಗೆ ಪಿಯುಸಿ ನಂತರ ನೇರ ಕೂರಬಹುದು. ಕಲಾ ವಿಭಾಗವನ್ನು "ದಡ್ಡರಿಗೆ" ಎನ್ನುವ ಮಾತು ಸ್ಟಾಫ್ ರೂಮಿನಲ್ಲೇ ಕೇಳಿಬರುತ್ತದೆ, ನನಗದು ನೋವಿನ ಸಂಗತಿ. ಐದು ವರ್ಷದ ಕಾನೂನು ಪದವಿಗೆ, ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯಾದ ಡಿ.ಇಎಲ್.ಇಡಿ.ಗೆ, ಮೂರು ವರ್ಷದ ಜಿಎನ್‌ಎಂ ನರ್ಸಿಂಗ್‌ಗೆ ಕಲಾ ವಿಭಾಗದಿಂದಲೂ ದಾರಿಯಿದೆ. ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ ಕಣ್ಣರಳಿಸಿ ಕೂರುವ ಮಗುವನ್ನು ಬಲವಂತವಾಗಿ ವಿಜ್ಞಾನಕ್ಕೆ ತಳ್ಳಬೇಡಿ.

ಪಾಲಿಟೆಕ್ನಿಕ್ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ. ಮುಗಿಸಿದವರು ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ನನ್ನ ಸೈಕಲ್ ಹುಡುಗಿಗೆ ನಾನು ಹೇಳಬೇಕಾಗಿದ್ದ ದಾರಿ ಇದು. ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಯ ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ಇದೆ, ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಕೈಕೆಲಸದಲ್ಲಿ ನಿಪುಣರಾದ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರುವ ಅವಕಾಶವಿದೆ. ಐಟಿಐಯಿಂದ ಡಿಪ್ಲೊಮಾ, ಡಿಪ್ಲೊಮಾದಿಂದ ಬಿಇ. ಈ ಏಣಿಯನ್ನು ಮರದ ಚಿತ್ರದಲ್ಲಿ ಬಣ್ಣ ಹಾಕಿ ಕಾಣಿಸಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಕೊಂಬೆಗಳೂ ಇವೆ. ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ ಕನ್ನಡ ಮಾಧ್ಯಮದಲ್ಲೇ ಇದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಪಶುಸಂಗೋಪನೆ ಡಿಪ್ಲೊಮಾ ಇದೆ. ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ಮುಂತಾದ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಿಗೂ ಎಸ್ಸೆಸ್ಸೆಲ್ಸಿ ನಂತರ ಸೇರಬಹುದು. ಚಿತ್ರ ಬರೆಯುವ ಮಗುವಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ಹೆಸರು, ನಾಟಕದ ಹುಚ್ಚಿರುವ ಮಗುವಿಗೆ ಹೆಗ್ಗೋಡಿನ ರಂಗಶಿಕ್ಷಣ ಸಂಸ್ಥೆ ನೀನಾಸಂ ಹೆಸರು ಒಮ್ಮೆ ಕಿವಿಗೆ ಬೀಳಲಿ.

ಕೆಲವು ಪ್ರೌಢಶಾಲೆಗಳಲ್ಲಿ ಒಂಬತ್ತರಿಂದ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ವೃತ್ತಿಶಿಕ್ಷಣ ಇರುತ್ತದೆ: ಐಟಿ, ಆಟೊಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಇಂಥವು. ತೃತೀಯ ಭಾಷೆಯ ಬದಲಿಗೆ ತೆಗೆದುಕೊಳ್ಳಬಹುದು. ನಿಮ್ಮ ಶಾಲೆಯಲ್ಲಿದ್ದರೆ ಎಂಟರ ಕೊನೆಯಲ್ಲೇ ಮಕ್ಕಳಿಗೆ ಆ ಲ್ಯಾಬ್ ತೋರಿಸಿ.

ಏಳನೇ ಹೆಜ್ಜೆ: ಗಣಿತದ ಬಾಗಿಲು ಮುಚ್ಚದಿರಲಿ

ಎಂಟಕ್ಕೆ ಬರುವಾಗ ಅರ್ಧ ತರಗತಿಗೆ ಭಿನ್ನರಾಶಿ ಬರುವುದಿಲ್ಲ. ಅದು ಬರದೆ ಬೀಜಗಣಿತ ಬರುವುದಿಲ್ಲ. ಬೀಜಗಣಿತ ಬರದ ಮಗು ಹತ್ತರ ಹೊತ್ತಿಗೆ ಡಿಪ್ಲೊಮಾ, ವಿಜ್ಞಾನ, ವಾಣಿಜ್ಯ ಮೂರಕ್ಕೂ ಹೆದರಿ ಹಿಂದೆ ಸರಿಯುತ್ತದೆ. ಕುರಿ ಹುಡುಗನಿಗೆ ಗಣಿತದ ಮೇಷ್ಟ್ರು ಭಿನ್ನರಾಶಿಯನ್ನು ಕುರಿ ಲೆಕ್ಕದಲ್ಲೇ ಹೇಳಿಕೊಟ್ಟರು. ಮೂವತ್ತು ಕುರಿಯಲ್ಲಿ ಮೂರನೇ ಒಂದು ಪಾಲು ಮಾರಿದರೆ, ಉಳಿದದ್ದರಲ್ಲಿ ಅರ್ಧ ಅಣ್ಣನಿಗೆ ಕೊಟ್ಟರೆ ನಿನಗೆಷ್ಟು? ಬಾಯಲ್ಲಿ "ಹತ್ತು" ಅಂದ. ಅದನ್ನೇ ಬೋರ್ಡಿನ ಮೇಲೆ ಬರೆಸಿದರು. ಒಂದು ತಿಂಗಳು ಹಿಡಿಯಿತು, ಬಂತು. ಇಂಥ ಮಕ್ಕಳ ಪಟ್ಟಿಯನ್ನು ವಿಷಯ ಶಿಕ್ಷಕರಿಗೆ ಕೊಡುವುದೂ ಕ್ಲಾಸ್ ಟೀಚರ ಕೆಲಸ.

ಇಂಗ್ಲಿಷಿಗೆ ಒಂದೇ ಮಾತು. ಒಂಬತ್ತರಿಂದ ವಿಜ್ಞಾನ, ಗಣಿತದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಸಿ, ದಿನಕ್ಕೆ ಮೂರು ಪದ. ವೇಗೋತ್ಕರ್ಷ ಎಂದರೆ ಆ್ಯಕ್ಸಿಲರೇಶನ್ ಎಂದು ಮೊದಲೇ ತಿಳಿದಿದ್ದರೆ ಪಿಯುಸಿಯ ಮೊದಲ ತಿಂಗಳು ಅಷ್ಟೊಂದು ಕತ್ತಲಾಗಿ ಕಾಣುವುದಿಲ್ಲ.

ಎಂಟನೇ ಹೆಜ್ಜೆ: ಮನೆಯವರ ಜೊತೆ

ಪೋಷಕರ ಸಭೆಯಲ್ಲಿ ಇದು ಆಗುವುದಿಲ್ಲ. ಅಲ್ಲಿ ಎಲ್ಲರೂ ತಲೆಯಾಡಿಸಿ ಹೋಗುತ್ತಾರೆ. ಮನೆಗೆ ಹೋಗಿ, ಸಂಜೆ, ಅವರು ಕೆಲಸ ಮುಗಿಸಿ ಬಂದ ಮೇಲೆ. ಮೊದಲು ಮಗುವಿನ ಒಂದು ಒಳ್ಳೆಯ ಗುಣ ಹೇಳಿ, ಅಂಕದ ಮಾತು ಆಮೇಲೆ.

ಒಬ್ಬ ಹುಡುಗಿಯ ಮನೆಗೆ ಹೋದಾಗ ಅವಳಪ್ಪ ನೇರವಾಗಿ ಕೇಳಿದರು: "ಪಾಲಿಟೆಕ್ನಿಕ್ಕು ಅಂದ್ರೆ ಗಂಡುಡುಗ್ರೇ ಇರ್ತಾರಲ್ವಾ ಮೇಡಂ? ಬಸ್ಸಲ್ಲಿ ನಲವತ್ತು ಕಿಲೋಮೀಟ್ರು ಹೆಂಗ್ ಕಳಿಸ್ಲಿ?" ನಾನು ವಾದ ಮಾಡಲಿಲ್ಲ. ಅವರ ಭಯ ನಿಜವಾದದ್ದು. "ಅಣ್ಣ, ಒಂದಿನ ನೀವೇ ಬನ್ನಿ, ನೋಡ್ಕೊಂಡು ಬರೋಣ" ಅಂದೆ. ಹೋದೆವು. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಜೊತೆ ಅವರು ಅರ್ಧ ಗಂಟೆ ಮಾತಾಡಿದರು. ಗೇಟು ಎಷ್ಟೊತ್ತಿಗೆ ಹಾಕ್ತೀರಿ, ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ, ಫೋನ್ ಮಾಡಕ್ಕೆ ಬಿಡ್ತೀರಾ ಎಂದೆಲ್ಲ ಕೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ, "ಇನ್ನೂ ಎರಡು ವರ್ಷ ಐತಲ್ಲ, ನೋಡಣ" ಅಂದರು. ಅಷ್ಟು ಸಾಕಿತ್ತು. ಫಲಿತಾಂಶ ಬಂದ ವಾರದಲ್ಲಿ ಈ ಮಾತು ಶುರುವಾಗಿದ್ದರೆ ಉತ್ತರ "ಬೇಡ" ಎಂದೇ ಬರುತ್ತಿತ್ತು.

ಅಮ್ಮಂದಿರನ್ನು ಮಾತಿನಿಂದ ಹೊರಗಿಡಬೇಡಿ. ಅವರು ಬಾಗಿಲ ಹಿಂದೆ ನಿಂತು ಕೇಳುತ್ತಿರುತ್ತಾರೆ. "ಅಕ್ಕ, ನೀವೂ ಬನ್ನಿ, ಕೂತ್ಕೊಳ್ಳಿ" ಎಂದು ಕರೆಯಿರಿ. ಮಗಳು ಬೆಳಿಗ್ಗೆ ಐದಕ್ಕೆ ಎದ್ದು ಓದುತ್ತಾಳೋ, ನೀರು ತರುತ್ತಾಳೋ ಎಂದು ನಿಜ ಹೇಳುವವರು ಅವರೇ.

ಒಂಬತ್ತನೇ ಹೆಜ್ಜೆ: ಹತ್ತಕ್ಕೆ ಹ್ಯಾಂಡೋವರ್

ಒಂಬತ್ತರ ಕೊನೆಯಲ್ಲಿ ಎರಡನೇ ಸುತ್ತಿನ ಹತ್ತು ನಿಮಿಷದ ಮಾತು. ಈಗ ಸಲಹೆ ಕೊಡಬಹುದು. ಪ್ರತಿ ಮಗುವೂ ಎರಡು ದಾರಿ ಬರೆಯಬೇಕು: ಮೊದಲು ಬೇಕೆನಿಸುವುದು, ಅದು ಸಿಗದಿದ್ದರೆ ಇನ್ನೊಂದು. ಎರಡರ ಕೆಳಗೂ ಕಾಲೇಜು, ದೂರ, ಹಾಸ್ಟೆಲ್, ಮೊದಲ ವರ್ಷದ ಖರ್ಚು. ಅಪ್ಪನೋ ಅಮ್ಮನೋ ಅದನ್ನು ಓದಿಸಿಕೊಂಡು ಸಹಿ ಹಾಕಲಿ, ಹೆಬ್ಬೆಟ್ಟಾದರೂ ಸರಿ.

ಹತ್ತನೇ ತರಗತಿಯಲ್ಲಿ ಹೊಸದೇನೂ ಬೇಡ, ಆ ವರ್ಷ ಓದಿಗೇ ಇರಲಿ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಂದರಲ್ಲಿ ಸೋತರೆ ಅದೇ ವರ್ಷ ಮತ್ತೆ ಬರೆಯಬಹುದು ಎಂದು ಮಕ್ಕಳಿಗೂ ಮನೆಯವರಿಗೂ ಪರೀಕ್ಷೆಗೆ ಮೊದಲೇ ಹೇಳಿಬಿಡಿ. ಫಲಿತಾಂಶದ ದಿನ ಮೊದಲ ಫೋನು ಫೇಲಾದ ಮಗುವಿಗೆ ಹೋಗಲಿ. ರ‍್ಯಾಂಕ್ ಬಂದವರಿಗೆ ಊರೆಲ್ಲ ಫೋನ್ ಮಾಡಿರುತ್ತದೆ.

ಆಮೇಲೆ ನೋಟ್‌ಬುಕ್ ತೆರೆದು, ಒಬ್ಬೊಬ್ಬರ ಎರಡು ದಾರಿಗಳನ್ನೂ ಅವರವರ ಅಂಕದ ಪಕ್ಕ ಇಟ್ಟು ನೋಡಿ. ಕುರಿ ಹುಡುಗ ಈಗ ಹತ್ತರಲ್ಲಿದ್ದಾನೆ. ಅವನ ಪುಟದಲ್ಲಿ ಮೊದಲ ದಾರಿ ಪಶುಸಂಗೋಪನೆ ಡಿಪ್ಲೊಮಾ, ಎರಡನೆಯದು ಪಿಯುಸಿ ವಿಜ್ಞಾನ, ಜೀವಶಾಸ್ತ್ರದೊಂದಿಗೆ. ಕೆಳಗೆ ಅವನಮ್ಮನ ಹೆಬ್ಬೆಟ್ಟು. ಬಲಪುಟದಲ್ಲಿ ಆರ್‌ಡಿ ನಂಬರ್ ಇದೆ, ಆಧಾರ್‌ನಲ್ಲಿ ಹೆಸರು ತಿದ್ದಿಸಿದ ತಾರೀಖಿದೆ. ಯಾವ ವರ್ಷ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ ಎಂದು ತೋರಿಸುವ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಮಾತ್ರ ಬಾಕಿ, ಅದನ್ನು ಬರುವ ಸೋಮವಾರ ಮಾಡಿಸಬೇಕು.